ಹೆಸರು ಬೇಡ, ಊರಿನ ಹೆಸರು ಹಾಕಿ ಎಂದ ಸಾಗರದ ಅಮ್ಮನಿಗೆ

ನಮಸ್ಕಾರ.

ನಿಮ್ಮ ಪತ್ರ ಬಂದು ಮೂರು ವಾರ ಆಯಿತು. ಉತ್ತರ ತಡವಾಯಿತು, ಬೈಕೋಬೇಡಿ. ಮಗನ ನೋಟ್‌ಬುಕ್ಕಿನಿಂದ ಹರಿದ ಹಾಳೆ, ಎರಡೂ ಬದಿಗೆ ಬರೆದು ಎಂಟು ಪುಟ. ಅದರಲ್ಲಿ ಒಂದು ಕಡೆ ಸಾರಿನ ಕಲೆ ಬೇರೆ! ಕೊನೆಗೆ ‘ನನ್ನ ಹೆಸರು ಹಾಕಬೇಡಿ, ಊರಿನ ಹೆಸರು ಮಾತ್ರ ದೊಡ್ಡದಾಗಿ ಹಾಕಿ’ ಎಂದಿದ್ದೀರಿ. ಹಾಕಿದ್ದೇವೆ, ಮೇಲೆ ನೋಡಿ.

ಪತ್ರ ಓದದ ಉಳಿದವರಿಗಾಗಿ ಸ್ವಲ್ಪ ಹೇಳಿಬಿಡುತ್ತೇನೆ. ಎರಡು ಸಂಚಿಕೆ ಹಿಂದೆ ನಾವು ಮಲೆನಾಡಿನ ಮನೆಗಳು ಖಾಲಿಯಾಗುತ್ತಿವೆ ಅಂತ ಬರೆದಿದ್ದೆವು. ಬೀಗ ಹಾಕಿದ ಬಾಗಿಲು, ಪಾಚಿ ಹಿಡಿದ ಅಂಗಳ, ಜಗಲಿಯಲ್ಲಿ ಒಬ್ಬರೇ ಕೂತ ಅಜ್ಜ, ಇಂಥ ಫೋಟೊಗಳು. ಅದಕ್ಕೆ ಇವರು ಕೇಳಿದ ಮೊದಲ ಪ್ರಶ್ನೆ: ‘ಬೀಗ ಹಾಕಿದ ಮನೆ ಫೋಟೊ ತೆಗೆದ್ರಿ ಸರಿ. ಪಕ್ಕದ ಮನೇಲಿ ಎರಡು ಮಕ್ಕಳಿಗೆ ದೋಸೆ ಹುಯ್ಯುತ್ತಾ ಇದ್ದ ನಾವು ಕಾಣಲಿಲ್ವಾ?’

ಕಾಣಲಿಲ್ಲ. ಇದಕ್ಕೆ ಸಮಜಾಯಿಷಿ ಕೊಡಲು ಹೋಗುವುದಿಲ್ಲ. ಬೀಗದ ಫೋಟೊ ಚೆನ್ನಾಗಿ ಬರುತ್ತದೆ, ದೋಸೆ ಹುಯ್ಯುವವರ ಫೋಟೊ ತೆಗೆಯಬೇಕಾದರೆ ಮನೆಯೊಳಗೆ ಹೋಗಬೇಕು, ಕೂರಬೇಕು, ಎರಡು ದೋಸೆ ತಿನ್ನಬೇಕು. ನಮ್ಮ ಹುಡುಗರಿಗೆ ಅಷ್ಟು ಪುರುಸೊತ್ತು ಇರಲಿಲ್ಲ. ನನಗೂ ಇರಲಿಲ್ಲ ಅನ್ನಿ.

ನಿಮ್ಮ ಪತ್ರದಲ್ಲಿ ನನಗೆ ಜಾಸ್ತಿ ಇಷ್ಟವಾಗಿದ್ದು ಮಾರಿಕಾಂಬೆಯ ಮಾತು. ಸಾಗರದ ಜಾತ್ರೆ ಮೂರು ವರ್ಷಕ್ಕೊಮ್ಮೆ. (ಶಿರಸಿಯದ್ದು ಎರಡು ವರ್ಷಕ್ಕೊಮ್ಮೆ, ಎರಡನ್ನೂ ಕಲಸಿ ಬರೆದರೆ ಎರಡೂ ಊರಿನವರು ಬೈಯುತ್ತಾರೆ.) ಜಾತ್ರೆಯಲ್ಲಿ ಅಮ್ಮ ಮೊದಲು ತವರುಮನೆಯಲ್ಲಿ ಕೂರುತ್ತಾಳೆ, ಆಮೇಲೆ ಮೆರವಣಿಗೆಯಲ್ಲಿ ಗಂಡನ ಮನೆಗೆ ಹೋಗುತ್ತಾಳೆ. ತವರೂ ಅದೇ ಊರು, ಗಂಡನ ಮನೆಯೂ ಅದೇ ಊರು. ‘ನನಗೂ ಹಾಗೇ. ಮದುವೆಯಾಗಿ ನಾಲ್ಕು ಬೀದಿ ದಾಟಿ ಬಂದೆ. ಅಮ್ಮನ ಮನೆಗೆ ಹೋಗಿ ಅಳೋಣ ಅಂದ್ರೆ ಕುಕ್ಕರ್ ಮೂರು ಕೂಗು ಕೂಗೋದ್ರೊಳಗೆ ವಾಪಸ್ ಬರಬಹುದು’ ಅಂತ ಬರೆದಿದ್ದೀರಲ್ಲ, ಅದನ್ನು ಆಫೀಸಿನಲ್ಲಿ ಎಲ್ಲರಿಗೂ ಓದಿ ಹೇಳಿದೆ. ಮದುವೆಯಾಗಿ ದೂರದ ಊರಿಗೆ ಹೋದ ನಮ್ಮ ಉಪಸಂಪಾದಕಿ ಒಬ್ಬರು ನಗಲಿಲ್ಲ, ಸುಮ್ನೆ ಕಿಟಕಿ ಕಡೆ ನೋಡಿದರು.

ಈಗ ಮಗನ ಪ್ರಾಜೆಕ್ಟಿನ ವಿಷಯ. ಏಳನೇ ಕ್ಲಾಸಿನ ಹುಡುಗ, ಶಾಲೆಯಲ್ಲಿ ‘ನನ್ನ ಊರು’ ಅಂತ ಬರೆದು ತರಲು ಹೇಳಿದ್ದಾರೆ. ಅವನು ಮೊಬೈಲ್ ನೋಡಿ ಬರೆದ: ಜೋಗ ಜಲಪಾತ, 253 ಮೀಟರ್, ರಾಜ, ರಾಣಿ, ರೋರರ್, ರಾಕೆಟ್. ಇಕ್ಕೇರಿಯ ಅಘೋರೇಶ್ವರ. ಕೆಳದಿ ಚೆನ್ನಮ್ಮ. ಹೆಗ್ಗೋಡಿನ ನಾಟಕ ಸಂಸ್ಥೆ ನೀನಾಸಮ್, 1949. ಶ್ರೀಗಂಧದ ಕೆತ್ತನೆ. ಮೇಷ್ಟ್ರು ರೈಟ್ ಹಾಕಿ ಹತ್ತಕ್ಕೆ ಒಂಬತ್ತು ಕೊಟ್ಟರು. ನಿಮಗೆ ಮಾತ್ರ ಸಿಟ್ಟು ಬಂತು. ‘ಇವನು ಸೈಕಲ್ ಕಲಿತಿದ್ದು ಗಣಪತಿ ಕೆರೆ ದಂಡೆ ಮೇಲೆ, ಅಲ್ಲೇ ಬಿದ್ದು ಮೊಣಕೈ ಕಿತ್ತುಕೊಂಡಿದ್ದು. ಕೆರೆ ಹೆಸರೇ ಇಲ್ಲ! ಇದೆಲ್ಲಾ ಊರು ಅಂತ ಮಕ್ಕಳಿಗೆ ಹೇಗೆ ಹೇಳಿಕೊಡೋದು ಸಂಪಾದಕರೇ?’

ಹೇಳಿಕೊಡುವುದು ಬೇಡ ಅಂತ ನನಗೆ ಅನಿಸುತ್ತದೆ. ಹುಡುಗ ಜಾಣ. ಮೇಷ್ಟ್ರಿಗೆ ಏನು ಬೇಕೋ ಅದನ್ನು ಬರೆದಿದ್ದಾನೆ. ಮೊಣಕೈ ಕಿತ್ತ ಜಾಗಕ್ಕೆ ಮಾರ್ಕ್ಸ್ ಇಲ್ಲ ಅಂತ ಅವನಿಗೆ ಗೊತ್ತು. ಆದರೆ ಒಂದು ಮಾತು, ಆ ಕೆರೆಯೇ ನಿಮ್ಮೂರಿನ ಹೆಸರು ಅಂತ ಅವನಿಗೆ ಹೇಳಿ. ಕೆಳದಿಯ ಸದಾಶಿವ ನಾಯಕ ಕಟ್ಟಿಸಿದ ಸದಾಶಿವ ಸಾಗರ, ಅದರಿಂದ ಊರಿಗೆ ಸಾಗರ. ಸಮುದ್ರ ಇಲ್ಲದ ಊರಿಗೆ ಸಾಗರ ಅಂತ ಯಾಕೆ ಅಂತ ಬೆಂಗಳೂರಿನ ನೆಂಟರು ಕೇಳಿದರೆ ಉತ್ತರ ಕೊಡಬಹುದು. ಅಂದ ಮೇಲೆ ನಿಮ್ಮ ಮಗ ಬಿದ್ದಿದ್ದು ಸಣ್ಣ ಜಾಗದಲ್ಲಲ್ಲ.

ಮಳೆಗಾಲದ ಪುಟಗಳನ್ನು ನಾನು ಎರಡು ಸಲ ಓದಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮನೆ ನಡೆಸುವುದು ಅಂದರೆ ಬಟ್ಟೆ ಒಣಗಿಸುವುದು ಅಂತ ಬರೆದಿದ್ದೀರಿ. ಬಚ್ಚಲ ಹಂಡೆ ಒಲೆಯ ಮೇಲೆ ಅಡ್ಡಕ್ಕೆ ಬಿದಿರಿನ ಗಳ, ಅದರ ಮೇಲೆ ಇಬ್ಬರದ್ದೂ ಯೂನಿಫಾರಂ. ಒಣಗುವುದಿಲ್ಲ, ಬೆಚ್ಚಗಾಗುತ್ತದೆ ಅಷ್ಟೆ. ಬೆಳಿಗ್ಗೆ ಅದನ್ನೇ ಹಾಕಿಕೊಂಡು ಹೋಗುತ್ತಾರೆ, ಹೊಗೆ ವಾಸನೆ ಹೊಡೆಯುತ್ತದೆ, ಆದರೆ ಇಡೀ ಕ್ಲಾಸಿಗೆ ಕ್ಲಾಸೇ ಹೊಗೆ ವಾಸನೆ, ಹಾಗಾಗಿ ಯಾರಿಗೂ ಗೊತ್ತಾಗುವುದಿಲ್ಲ. ಒಲೆಯ ಕೆಂಡದಲ್ಲಿ ಹಲಸಿನ ಬೇಳೆ ಹುಗಿದಿಟ್ಟು, ಮಗಳು ಸ್ನಾನಕ್ಕೆ ಹೋದವಳು ಬೇಳೆ ಸುಟ್ಟುಕೊಂಡು ತಿನ್ನುತ್ತಾ ಕೂತು, ನೀರು ತಣ್ಣಗಾಗಿ, ನೀವು ಹೊರಗಿಂದ ಕೂಗಿ, ಅವಳು ‘ಆಯ್ತಮ್ಮಾ, ಸೋಪು ಹಾಕ್ತಾ ಇದೀನಿ’ ಅಂತ ಬಾಯಿ ತುಂಬ ಬೇಳೆ ಇಟ್ಟುಕೊಂಡು ಹೇಳಿ! ನಾನೂ ಹೀಗೇ ಸುಳ್ಳು ಹೇಳಿದವನು. ನನ್ನೂರು ಹೊಸನಗರದ ಕಡೆ, ನಿಮಗೆ ಪಕ್ಕದ ತಾಲ್ಲೂಕು.

ಮಳೆ ರಜೆಯ ಕಥೆಯೂ ಅಷ್ಟೇ ನಿಜ. ನಮ್ಮ ಕಾಲದಲ್ಲಿ ರಜೆ ಇದೆಯಾ ಇಲ್ಲವಾ ಅಂತ ತಿಳಿಯಲು ಶಾಲೆಯವರೆಗೆ ಒದ್ದೆಯಾಗಿ ಹೋಗಬೇಕಿತ್ತು. ಈಗ ತಿಂಡಿ ಡಬ್ಬಿ ತುಂಬಿ, ಜಡೆ ಹಾಕಿ, ರೈನ್‌ಕೋಟ್ ಗುಂಡಿ ಹಾಕಿದ ಮೇಲೆ ವಾಟ್ಸಾಪಿನಲ್ಲಿ ಆದೇಶ ಬರುತ್ತದೆ. ನಿಮ್ಮ ಮಗ ಹೋದ ವರ್ಷದ ಆದೇಶವನ್ನು ಉಳಿಸಿಟ್ಟುಕೊಂಡು ಈ ವರ್ಷ ನಿಮಗೆ ತೋರಿಸಿದನಂತೆ, ನೀವು ತಾರೀಖು ನೋಡಿ ಬೆನ್ನಿಗೆ ಒಂದು ಕೊಟ್ಟಿರಂತೆ. ಹೊಡೆದದ್ದು ತಪ್ಪು. ಆದರೆ ಅವನ ತಲೆ ಚೆನ್ನಾಗಿ ಓಡುತ್ತದೆ, ಅದನ್ನೂ ಹೇಳಬೇಕು.

ಇನ್ನು ಒಂದು ವಿಷಯದಲ್ಲಿ ನಾನು ನಿಮ್ಮ ಜೊತೆ ಜಗಳ ಆಡಬೇಕು. ಐದನೇ ಪುಟದಲ್ಲಿ ‘ಸಿಗಂದೂರಿಗೆ ಸೇತುವೆ ಬಂತು, ಲಾಂಚಿನ ಮಜಾ ಹೋಯ್ತು, ಮಕ್ಕಳಿಗೆ ಹೊಳೆಬಾಗಿಲಲ್ಲಿ ಕಾಯೋ ಖುಷಿ ಇನ್ನು ಸಿಗಲ್ಲ, ಬೇಜಾರು’ ಅಂತ ಬರೆದಿದ್ದೀರಿ. ಹೊಳೆಬಾಗಿಲಿಂದ ಶರಾವತಿ ಹಿನ್ನೀರು ದಾಟಿಸುವ ಲಾಂಚ್ ಚಂದ, ಒಪ್ಪಿದೆ. ಬಸ್ಸು, ಜೀಪು, ಬೈಕು, ಅಡಿಕೆ ಮೂಟೆ, ಮದುವೆ ದಿಬ್ಬಣ, ಎಲ್ಲಾ ಒಂದೇ ತಟ್ಟೆಯ ಮೇಲೆ ಇಟ್ಟ ಹಾಗೆ ನೀರಿನ ಮೇಲೆ ಹೋಗುವುದು ಮಕ್ಕಳಿಗಷ್ಟೇ ಅಲ್ಲ, ದೊಡ್ಡವರಿಗೂ ಮಜಾನೇ. ಆದರೆ ನೀವು ಆ ದಂಡೆಗೆ ಹೋಗುತ್ತಿದ್ದದ್ದು ವರ್ಷಕ್ಕೆ ಒಂದೆರಡು ಸಲ, ದೇವಸ್ಥಾನಕ್ಕೆ, ಬುತ್ತಿ ಕಟ್ಟಿಕೊಂಡು. ನನ್ನ ದೊಡ್ಡಮ್ಮ ಇದ್ದದ್ದು ಆ ದಂಡೆಯಲ್ಲಿ, ತುಮರಿಯ ಹತ್ತಿರ.

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ನಿಂತಾಗ ಎಷ್ಟೋ ಊರುಗಳು ಮುಳುಗಿದವು. ಅದಕ್ಕೂ ಮೊದಲು ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟೇ ಮುಳುಗಿತು, ಬೇಸಿಗೆಯಲ್ಲಿ ನೀರು ತೀರಾ ಇಳಿದರೆ ಈಗಲೂ ಮೇಲೆ ಕಾಣುತ್ತದೆ. ಎತ್ತಂಗಡಿಯಾದವರಲ್ಲಿ ಎಷ್ಟೋ ಮನೆಯವರು ಜಮೀನಿನ ಹಕ್ಕುಪತ್ರಕ್ಕೆ ಇವತ್ತಿಗೂ ಅಲೆಯುತ್ತಿದ್ದಾರೆ. ಉಳಿದು ಆ ಕಡೆ ಸಿಕ್ಕಿಕೊಂಡವರಿಗೆ ಸಾಗರ ಪೇಟೆ ಕಣ್ಣಿಗೆ ಹತ್ತಿರ, ಕಾಲಿಗೆ ದೂರ. ನಾಡಿಗೆಲ್ಲಾ ಕರೆಂಟು ಕೊಟ್ಟ ನೀರು, ಅವರಿಗೆ ಕೊಟ್ಟಿದ್ದು ಲಾಂಚಿನ ಟೈಮಿಂಗು.

ನಾನು ಮೂರೋ ನಾಲ್ಕೋ ಕ್ಲಾಸಿನಲ್ಲಿದ್ದಾಗ ಅಮ್ಮನ ಜೊತೆ ದೊಡ್ಡಮ್ಮನ ಮನೆಗೆ ಹೊರಟಿದ್ದೆ. ಸಾಗರದಲ್ಲಿ ದೊಡ್ಡಮ್ಮನಿಗೆ ಔಷಧಿ ತೆಗೆದುಕೊಂಡು, ಬಸ್ಸು ಕೆಟ್ಟು, ಹೊಳೆಬಾಗಿಲು ತಲುಪುವಾಗ ಕೊನೆಯ ಲಾಂಚ್ ಹೋಗಿಯಾಗಿತ್ತು. ಹೋಗಿಯೇ ಬಿಟ್ಟಿರಲಿಲ್ಲ, ಕಾಣುತ್ತಾ ಇತ್ತು. ಅಮ್ಮ ಸೆರಗು ಬೀಸಿ ಕೂಗಿದಳು. ಅದು ತಿರುಗಿ ಬರಲಿಲ್ಲ, ಬರುವ ಹಾಗೂ ಇರಲಿಲ್ಲ. ಆ ರಾತ್ರಿ ದಂಡೆಯ ಚಾ ಅಂಗಡಿಯ ಬೆಂಚಿನ ಮೇಲೆ ಮಲಗಿದೆವು. ಅಂಗಡಿಯವರು ಕಂಬಳಿ ಕೊಟ್ಟರು, ಗಂಜಿ ಕೊಟ್ಟರು, ದುಡ್ಡು ಬೇಡ ಎಂದರು. ನನಗೆ ಅದು ದೊಡ್ಡ ಪಿಕ್‌ನಿಕ್. ಅಮ್ಮ ಮಾತ್ರ ಔಷಧಿಯ ಪೊಟ್ಟಣವನ್ನು ಮಡಿಲಲ್ಲಿ ಇಟ್ಟುಕೊಂಡು ಕೂತೇ ಇದ್ದಳು, ನನಗೆ ಎಚ್ಚರವಾದಾಗಲೆಲ್ಲ ಆ ದಂಡೆಯ ದೀಪ ನೋಡುತ್ತಿದ್ದಳು. ಆ ದಂಡೆಯಲ್ಲಿ ಹೆರಿಗೆ ನೋವು ಬಂದವರು, ಹಾವು ಕಚ್ಚಿದವರು ಎಷ್ಟು ರಾತ್ರಿ ಹಾಗೆ ಕೂತಿರಬೇಕು, ಯೋಚಿಸಿ. 2025ರ ಜುಲೈ 14ರಂದು ಸೇತುವೆ ಶುರುವಾಯಿತು ಅಂತ ಟಿವಿಯಲ್ಲಿ ನೋಡುವಾಗ ನನಗೆ ನೆನಪಾಗಿದ್ದು ಆ ಪೊಟ್ಟಣ. ಎರಡೂವರೆ ಕಿಲೋಮೀಟರಿಗೆ ಸ್ವಲ್ಪ ಕಮ್ಮಿ ಉದ್ದ. ಕಾರಿನಲ್ಲಿ ಮಾತು ಶುರು ಮಾಡಿ ಮುಗಿಸುವುದರೊಳಗೆ ಆಚೆ ದಂಡೆ. ಹಾಗಾಗಿ ನಿಮ್ಮ ಬೇಜಾರಿಗೆ ನನ್ನ ಸಹಿ ಇಲ್ಲ ಅಕ್ಕಾ. ಮಕ್ಕಳಿಗೆ ಲಾಂಚಿನ ಕಥೆ ಹೇಳಿ, ಆದರೆ ದಂಡೆಯಲ್ಲಿ ಉಳಿದವರ ಕಥೆಯನ್ನೂ ಹೇಳಿ.

ಊರಿನ ಕಷ್ಟಗಳನ್ನು ನೀವು ಮುಚ್ಚಿಟ್ಟಿಲ್ಲ, ಅದು ಖುಷಿಯಾಯಿತು. ಎಲೆಚುಕ್ಕಿ ರೋಗ ಬಂದು ಅಣ್ಣನ ಅಡಿಕೆ ತೋಟ ಅರ್ಧ ಒಣಗಿದ್ದು. ಮಳೆ ನಡುವೆ ಹೊಳವು ಸಿಕ್ಕಾಗ ಔಷಧಿ ಹೊಡೆಯಲು ಮರ ಹತ್ತುವವರು ಸಿಗದೆ ಅವನು ಫೋನ್ ಹಿಡಿದು ಊರೆಲ್ಲಾ ಬೇಡುವುದು. ಉಣ್ಣಿ ಕಚ್ಚಿ ಹರಡುವ ಮಂಗನ ಕಾಯಿಲೆಯ ವರ್ಷ ಅರಳಗೋಡಿನ ಸಾವುಗಳ ಸುದ್ದಿ ಕೇಳಿ ಕೇಳಿ, ಮಕ್ಕಳನ್ನು ಅಜ್ಜನ ಮನೆಯ ಬೆಟ್ಟಕ್ಕೆ ಬಿಡದೆ, ಉಣ್ಣಿ ಹತ್ತದ ಹಾಗೆ ಕೈಕಾಲಿಗೆ ಡೆಪಾ ಎಣ್ಣೆ ಸವರಿ ಕೂರಿಸಿದ್ದು. ‘ನಮ್ಮೂರು ಸ್ವರ್ಗ ಅಲ್ಲ, ಸ್ವರ್ಗದಲ್ಲಿ ಉಣ್ಣಿ ಇರಲ್ಲ’ ಎಂಬ ನಿಮ್ಮ ಸಾಲನ್ನು ನಾನು ನನ್ನದು ಅಂತ ಎಲ್ಲಾದರೂ ಬಳಸಿದರೆ ಕ್ಷಮಿಸಿ.

ಊಟದ ಪುಟವನ್ನು ಜಾಗವಿಲ್ಲದೆ ಹಾಕಿಲ್ಲ. ಕಳಲೆ ಪಲ್ಯ, ಒಂದೆಲಗದ ತಂಬುಳಿ, ಪತ್ರೊಡೆ, ಅಪ್ಪೆಮಿಡಿ. ಮಧ್ಯಾಹ್ನ ಹನ್ನೆರಡೂವರೆಗೆ, ಕ್ಯಾಂಟೀನಿನ ಅನ್ನ ಸಾರಿಗೆ ಕಾಯುತ್ತಾ ಅದನ್ನು ಓದಿದ್ದು ನನ್ನದೇ ತಪ್ಪು.

ಪತ್ರದ ಕೊನೆಗೆ, ಸಹಿಯ ಕೆಳಗೆ, ಬೇರೆ ಪೆನ್ನಿನಲ್ಲಿ ಒಂದು ಸಾಲು ಇದೆ. ಆಮೇಲೆ ಸೇರಿಸಿದ್ದು ಇರಬೇಕು. ‘ಇಷ್ಟೆಲ್ಲಾ ಬರೆದೆ, ಆದರೆ ಇವನೂ ಪಿಯುಸಿ ಆದ ಮೇಲೆ ರಾತ್ರಿ ರೈಲು ಹತ್ತುತ್ತಾನೆ, ಗೊತ್ತು.’

ಹೌದು, ಹತ್ತುತ್ತಾನೆ. ಇದಕ್ಕೆ ಸಮಾಧಾನದ ಮಾತು ಹುಡುಕಿದೆ, ಸಿಗಲಿಲ್ಲ. ಊರಲ್ಲೇ ಇದ್ದುಬಿಡು ಅಂತ ಹೇಳುವ ಹಕ್ಕು ನನಗಂತೂ ಇಲ್ಲ, ನಾನೇ ಬಿಟ್ಟು ಬಂದವನು. ನನಗೆ ಗೊತ್ತಿರುವುದು ಇಷ್ಟು. ನಾನು ಬೆಂಗಳೂರಿನ ಹಾಸ್ಟೆಲ್ಲಿಗೆ ಬಂದ ಮೊದಲ ವಾರ, ರೂಮಿನ ಹುಡುಗ, ಬಯಲುಸೀಮೆಯವನು, ನನ್ನ ಟ್ರಂಕು ತೆಗೆದ ಕೂಡಲೇ ಮೂಗು ಅರಳಿಸಿ ‘ಏನೋ ಇದು, ಬಟ್ಟೆಯೆಲ್ಲಾ ಹೊಗೆ ವಾಸನೆ?’ ಅಂದ. ನಾನು ಮೂಸಿ ನೋಡಿದೆ. ಯಾವ ವಾಸನೆಯೂ ಬರಲಿಲ್ಲ. ಎರಡು ತಿಂಗಳು ಬಿಟ್ಟು ರಜೆಗೆ ಊರಿಗೆ ಹೋದೆ, ಬಚ್ಚಲಿಗೆ ಕಾಲಿಟ್ಟೆ, ಬಂತು. ಆ ದಿನ ಸ್ನಾನಕ್ಕೆ ಎಷ್ಟು ಹೊತ್ತು ಹಿಡಿಯಿತು ಅಂದರೆ ಅಮ್ಮ ಬಾಗಿಲು ಬಡಿದಳು. ಸೋಪು ಹಾಕ್ತಾ ಇದೀನಿ ಅಂದೆ.

ನಿಮ್ಮಿಂದ ಎರಡು ಸಣ್ಣ ಕೆಲಸ ಆಗಬೇಕು. ಪ್ರಾಜೆಕ್ಟಿನಲ್ಲಿ ಬಿಟ್ಟುಹೋದ ಕೆರೆಯ ದಂಡೆಯ ಕಥೆಯನ್ನು ಮಗನ ಕೈಯಲ್ಲೇ ಅರ್ಧ ಪುಟ ಬರೆಸಿ ಕಳಿಸಿ, ಮೊಣಕೈ ಸಮೇತ. ಮಾರ್ಕ್ಸ್ ಇಲ್ಲ, ಹಾಕಿದರೆ ಚಿಕ್ಕದೊಂದು ಸಂಭಾವನೆ ಇದೆ, ಅದನ್ನು ಅವನಿಗೇ ಕೊಡಿ. ಹೆಸರು ಹಾಕಬೇಕಾ ಬೇಡವಾ ಅವನನ್ನೇ ಕೇಳಿ.

ಇನ್ನೊಂದು ತಕರಾರು. ಜುಲೈ ತಿಂಗಳಲ್ಲಿ ಎಂಟು ಪುಟ ಬರೆದಿದ್ದೀರಿ, ಆದರೆ ಲಿಂಗನಮಕ್ಕಿ ಡ್ಯಾಮಿನಲ್ಲಿ ಎಷ್ಟು ಅಡಿ ನೀರು ಬಂತು ಅಂತ ಒಂದು ಕಡೆಯೂ ಬರೆದಿಲ್ಲ. ಸಾಗರದವರಾಗಿ! ಡ್ಯಾಮ್ ತುಂಬುವ ಮಟ್ಟ, 1819 ಅಡಿ, ಮುಟ್ಟುತ್ತಾ ಈ ಸಲ? ಮುಂದಿನ ಪತ್ರದಲ್ಲಿ ಮೊದಲ ಸಾಲೇ ಅದಿರಲಿ.

ನಿಮ್ಮ,
ಸಂಪಾದಕ