ತೀರ್ಥಹಳ್ಳಿಯಲ್ಲಿ ಮನೆ, ಶಿವಮೊಗ್ಗದಲ್ಲಿ ಕೆಲಸ: ಸಂಪಾದಕರ ಉತ್ತರ

ಆತ್ಮೀಯ ಓದುಗರೇ,

ನಿಮ್ಮ ಪತ್ರ ಸಿಕ್ಕಿತು. ಹೆಸರು ಬೇಡ ಎಂದಿದ್ದೀರಿ, ಹಾಕುವುದಿಲ್ಲ. ಉಳಿದವರಿಗೂ ವಿಷಯ ತಿಳಿಯಲಿ ಎಂದು ಚುಟುಕಾಗಿ ಹೇಳಿಬಿಡುತ್ತೇನೆ. ನಿಮಗೆ ಶಿವಮೊಗ್ಗದ ಖಾಸಗಿ ಕಂಪನಿಯಲ್ಲಿ ಕೆಲಸ, ವಿನೋಬನಗರದಲ್ಲಿ ಬಾಡಿಗೆ ಮನೆ. ಹೆಂಡತಿ, ನಾಲ್ಕು ವರ್ಷದ ಮಗಳು. ಈಗ ಸ್ವಂತ ಮನೆ ಮಾಡಬೇಕು. ಶಿವಮೊಗ್ಗದಲ್ಲಿ ನೋಡಿದ ಮನೆಗಿಂತ ತೀರ್ಥಹಳ್ಳಿ ಹತ್ತಿರದ ಮನೆಗೆ 20 ಲಕ್ಷ ಕಡಿಮೆ. ಅಂಗಳ ಇದೆ, ಬಾವಿ ಇದೆ, ಹಿತ್ತಿಲಲ್ಲಿ ತೆಂಗಿನ ಮರ ಇದೆ. ಆಫೀಸಿಗೆ ಹೋಗೋಕೆ 62 ಕಿಲೋಮೀಟರ್, ಬರೋಕೆ ಅಷ್ಟೇ. "ಬೆಂಗಳೂರಿನವರು ಒಂದೂವರೆ ಗಂಟೆ ಟ್ರಾಫಿಕ್ಕಿನಲ್ಲೇ ಕೂತಿರ್ತಾರೆ, ನಮ್ಮದು ಹಸಿರು ದಾರಿ, ಏನು ಮಹಾ?" ಎಂದು ಕೇಳಿದ್ದೀರಿ.

ಸುತ್ತಿ ಬಳಸಿ ಹೇಳುವುದಿಲ್ಲ. ಬರೀ ದುಡ್ಡು ಉಳಿಯುತ್ತದೆ ಎಂಬ ಕಾರಣಕ್ಕಾದರೆ ಆ ಮನೆ ತೆಗೆದುಕೊಳ್ಳಬೇಡಿ. ಯಾಕೆಂದರೆ ದುಡ್ಡು ಉಳಿಯುವುದಿಲ್ಲ.

ಲೆಕ್ಕ ನೋಡಿ. 20 ಲಕ್ಷ ಸಾಲಕ್ಕೆ ಶೇಕಡಾ 8.5 ಬಡ್ಡಿ, 20 ವರ್ಷದ ಅವಧಿ ಎಂದುಕೊಂಡರೆ ತಿಂಗಳ ಕಂತು ಸುಮಾರು 17,350 ರೂಪಾಯಿ. ದೂರ ಹೋಗಿ ನೀವು ಉಳಿಸುವುದು ಇಷ್ಟೇ. ಈಗ ಕಾರು. ದಿನಕ್ಕೆ 124 ಕಿಲೋಮೀಟರ್. ಲೀಟರಿಗೆ 16 ಕೊಟ್ಟರೂ ಹತ್ತಿರ ಹತ್ತಿರ 8 ಲೀಟರ್ ಬೇಕು. ಪೆಟ್ರೋಲ್ 100 ದಾಟಿ ಎಷ್ಟೋ ದಿನವಾಯಿತು. ದಿನಕ್ಕೆ 800 ಎಂದರೆ, ತಿಂಗಳಿಗೆ 24 ದಿನ ಕೆಲಸ ಹಿಡಿದು 19,200. ಉಳಿಸಿದ್ದೆಲ್ಲ ಪೆಟ್ರೋಲ್ ಬಂಕಿಗೇ ಹೋಯಿತು, ಮೇಲೆ ಇನ್ನೂ ಎರಡು ಸಾವಿರದಷ್ಟು ಕೈಯಿಂದ ಹಾಕಬೇಕು. ವರ್ಷಕ್ಕೆ 35,000 ಕಿಲೋಮೀಟರಿಗೂ ಜಾಸ್ತಿ ಓಡುತ್ತದೆ. ಅಂದರೆ ಮೂರ್ನಾಲ್ಕು ಸಲ ಸರ್ವೀಸ್, ವರ್ಷ ಒಂದೂವರೆ ವರ್ಷಕ್ಕೆ ಹೊಸ ಟೈರು. ಐದು ವರ್ಷ ಕಳೆದು ಮಾರಲು ಹೋದರೆ ಮೀಟರ್ ನೋಡಿದವರು ಅರ್ಧ ಬೆಲೆಗೆ ಕೇಳುತ್ತಾರೆ. ಇದು ಅಸಲು ತೀರದ ಸಾಲ. ಮನೆ ಸಾಲ 20 ವರ್ಷಕ್ಕೆ ಮುಗಿಯುತ್ತದೆ, ಕೊನೆಗೆ ಮನೆ ಉಳಿಯುತ್ತದೆ. ಸುಟ್ಟ ಪೆಟ್ರೋಲಿಗೆ ಉಳಿಯುವುದು ರಸೀದಿ ಮಾತ್ರ.

ಎಲೆಕ್ಟ್ರಿಕ್ ಕಾರು ತಗೊಂಡರೆ ಈ ಲೆಕ್ಕ ಬದಲಾಗುತ್ತದೆ, ಅದು ನಿಜ. ಮನೆಯಲ್ಲೇ ಚಾರ್ಜ್ ಮಾಡಿದರೆ ದಿನಕ್ಕೆ ನೂರು ಚಿಲ್ಲರೆ ರೂಪಾಯಿಯ ಕರೆಂಟು ಸಾಕು. ಆದರೆ ಕಾರಿನ ಕಂತು ಬೇರೆ ಬರುತ್ತದೆ. ಆಷಾಢದ ಗಾಳಿಗೆ ಕಂಬ ಬಿದ್ದು ಎರಡು ದಿನ ಕರೆಂಟಿಲ್ಲದಿದ್ದರೆ ಬೆಳಿಗ್ಗೆ ಏನು ಮಾಡುತ್ತೀರಿ, ಅದನ್ನೂ ಯೋಚಿಸಿಟ್ಟುಕೊಳ್ಳಿ.

ಬೆಂಗಳೂರಿನ ಹೋಲಿಕೆ ನನಗೆ ಒಪ್ಪಿಗೆ ಇಲ್ಲ. ಅಲ್ಲಿ ಕಾರು ನಿಂತು ನಿಂತು ಹೋಗುತ್ತದೆ, ತಲೆನೋವು ಬರುತ್ತದೆ. ಇಲ್ಲಿ ನೀವು ತಿರುವಿನ ಮೇಲೆ ತಿರುವು ಹಾಯುತ್ತ, ಎದುರು ಬರುವ ಬಸ್ಸು, ಲಾರಿಗಳ ಮೇಲೆ ಕಣ್ಣಿಟ್ಟೇ ಇರಬೇಕು. ಗಾಜನೂರು ದಾಟಿ ಸಕ್ರೆಬೈಲಿನ ಮೇಲೆ ಮಂಡಗದ್ದೆವರೆಗೆ ಶೆಟ್ಟಿಹಳ್ಳಿ ಅಭಯಾರಣ್ಯದ ಕಾಡು. ಭಾನುವಾರ ಮಧ್ಯಾಹ್ನ ಹೋದವರಿಗೆ ಇದಕ್ಕಿಂತ ಚಂದದ ದಾರಿ ಇಲ್ಲ. ಎಂಟು ಗಂಟೆ ಕೆಲಸ ಮಾಡಿ ಸುಸ್ತಾಗಿ, ಕತ್ತಲಾದ ಮೇಲೆ, ರಸ್ತೆಗೆ ನುಗ್ಗುವ ಕಾಡುಹಂದಿಯನ್ನೂ ನೋಡಿಕೊಂಡು ಓಡಿಸುವವರಿಗೆ ಅದೇ ದಾರಿ ಬೇರೆ.

ಮಳೆಗಾಲದ್ದು ಇನ್ನೊಂದು ಕತೆ. ಶಿವಮೊಗ್ಗದಲ್ಲಿ ಬರೀ ಹನಿಯುತ್ತಿರುತ್ತದೆ, ಮಂಡಗದ್ದೆ ದಾಟುವಷ್ಟರಲ್ಲಿ ವೈಪರ್ ಎಷ್ಟು ಜೋರು ಮಾಡಿದರೂ ದಾರಿ ಕಾಣುವುದಿಲ್ಲ. ಅಂಥದೊಂದು ಸಂಜೆ ಈ ರಸ್ತೆಯಲ್ಲಿ ನಾನೂ ಸಿಕ್ಕಿಕೊಂಡಿದ್ದೆ. ಅಡ್ಡಕ್ಕೆ ಮರ ಬಿದ್ದಿತ್ತು. ಬಸ್ಸಿನ ಕಂಡಕ್ಟರ್ ಟಾರ್ಚ್ ಹಿಡಿದು ನಿಂತಿದ್ದ. ಹತ್ತಿರದ ಮನೆಯವರು ಕಂಬಳಿಕೊಪ್ಪೆ ಹಾಕಿಕೊಂಡೇ ಕತ್ತಿ, ಗರಗಸ ತಂದು ಮೊದಲು ರೆಂಬೆ ಕಡಿದರು, ಆಮೇಲೆ ಬುಡಕ್ಕೆ ಹಗ್ಗ ಕಟ್ಟಿ ಲಾರಿಯಿಂದ ಎಳೆಸಿದರು. ನಮ್ಮ ಜನ ಅಂದರೆ ಹಾಗೇ, ಯಾರೂ ಕರೆಯಬೇಕಾಗಿಲ್ಲ. ಆದರೂ ಊರು ಮುಟ್ಟುವಾಗ ಹತ್ತು ಗಂಟೆ. ನಿಮಗೆ ಇಂಥ ಸಂಜೆ ವರ್ಷವರ್ಷವೂ ಬರುತ್ತದೆ. ಜೋರು ಮಳೆಗೆ ಶಾಲೆಗಳಿಗೆ ರಜೆ ಕೊಡುತ್ತಾರೆ, ನಿಮ್ಮ ಕಂಪನಿ ಕೊಡುತ್ತದಾ?

ನನಗೆ ಜಾಸ್ತಿ ಚಿಂತೆ ಆಗಿದ್ದು ಪತ್ರದಲ್ಲಿ ಇಲ್ಲದ ಮಾತಿನ ಬಗ್ಗೆ. ಎರಡು ಪುಟ ಬರೆದಿದ್ದೀರಿ, ನಿಮ್ಮ ಹೆಂಡತಿ ಏನಂದರು ಎಂದು ಒಂದು ಸಾಲೂ ಇಲ್ಲ. ಬೆಳಿಗ್ಗೆ ಏಳೂವರೆಗೆ ಕಾರು ನಿಮ್ಮ ಜೊತೆ ಹೋಗುತ್ತದೆ. ಮನೆ ಇರುವುದು ಪೇಟೆಯಿಂದ ನಾಲ್ಕು ಕಿಲೋಮೀಟರ್ ದೂರ, ಒಳದಾರಿಯಲ್ಲಿ. ಮಗುವಿಗೆ ಜ್ವರ ಬಂದರೆ ಅವರು ಆಟೋಗೆ ಫೋನ್ ಮಾಡಿ ಕಾಯಬೇಕು, ಅದೂ ನೆಟ್‌ವರ್ಕ್ ಇದ್ದರೆ. ಹೆಂಗಸರಿಗೆ ಬಸ್ ಫ್ರೀ ಅಲ್ವಾ ಎನ್ನಬೇಡಿ. 2023ರ ಜೂನ್‌ನಲ್ಲಿ ಶುರುವಾದ ಶಕ್ತಿ ಯೋಜನೆ ಸರ್ಕಾರಿ ಬಸ್ಸಿಗೆ ಮಾತ್ರ. ಮಲೆನಾಡಿನ ಒಳದಾರಿಗಳಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು, ಅಲ್ಲಿ ಟಿಕೆಟ್ ತಗೊಳ್ಳಲೇಬೇಕು. ಇನ್ನು ನೀವು. ದಿನಕ್ಕೆ ಮೂರು ಗಂಟೆ ದಾರಿಯಲ್ಲಿ ಎಂದರೆ ತಿಂಗಳಿಗೆ 72 ಗಂಟೆ, ಒಂಬತ್ತು ದಿನದ ಕೆಲಸದಷ್ಟು. ಮಗಳು ಏಳುವ ಹೊತ್ತಿಗೆ ಹೊರಡುತ್ತೀರಿ, ಬರುವಾಗ ಅವಳು ಮಲಗಿರುತ್ತಾಳೆ. ಆ ಅಂಗಳ ಯಾರಿಗೋಸ್ಕರ?

ಶಿವಮೊಗ್ಗದಲ್ಲೇ ಸಾಲ ಮೈಮೇಲೆ ಹಾಕಿಕೊಳ್ಳಿ ಎಂದು ನಾನು ಹೇಳುತ್ತಿಲ್ಲ. ಶಿವಮೊಗ್ಗದ ಸುತ್ತಮುತ್ತಲ ಊರುಗಳನ್ನು ನೋಡಿ. ಭದ್ರಾವತಿ 20 ಕಿಲೋಮೀಟರ್ ಆಸುಪಾಸು, ಬಸ್ಸೂ ಇದೆ, ರೈಲೂ ಇದೆ. ಕಾರಿಗೆ ಒಂದು ದಿನ ಏನಾದರೂ ಆದರೂ ಕೆಲಸ ತಪ್ಪುವುದಿಲ್ಲ. ಸಾಗರದ ರಸ್ತೆಯಲ್ಲಿ ಆಯನೂರು, ಕುಂಸಿ ಇವೆ. ಈ ಕಡೆ ಗಾಜನೂರು ಇದೆ. ತೀರ್ಥಹಳ್ಳಿಗೆ ರೈಲಿಲ್ಲ ಎಂಬುದು ನೆನಪಿರಲಿ.

ಮನಸ್ಸು ಅಲ್ಲೇ ನಿಂತಿದ್ದರೆ, ಅಪ್ಪ ಅಮ್ಮ ಆ ಕಡೆ ಇದ್ದಾರೆ ಎಂದೋ, ವಾರದಲ್ಲಿ ಮೂರು ದಿನ ಮನೆಯಿಂದಲೇ ಕೆಲಸ ಮಾಡಲು ಕಂಪನಿ ಒಪ್ಪಿದೆ ಎಂದೋ ಇದ್ದರೆ, ಮಾತು ಬೇರೆ. ಆಗಲೂ ಕೊಳ್ಳುವ ಮೊದಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲೇ ಬಾಡಿಗೆಗಿದ್ದು ಓಡಾಡಿ ನೋಡಿ. ಮಳೆಗಾಲ ಒಗ್ಗಿದರೆ ಬೇಸಿಗೆ ಕಷ್ಟವಲ್ಲ.

ಇನ್ನೂ ಅಡ್ವಾನ್ಸ್ ಕೊಟ್ಟಿಲ್ಲ ಎಂದಿದ್ದೀರಿ, ಒಳ್ಳೆಯದಾಯಿತು. ಬೆಲೆ ಇಷ್ಟು ಕಡಿಮೆ ಯಾಕೆ ಎಂದು ಮೊದಲು ಕೇಳಿ. ಜಾಗ ಪಂಚಾಯಿತಿ ವ್ಯಾಪ್ತಿಯದಾದರೆ ಇ-ಸ್ವತ್ತು, ಅಂದರೆ ಪಂಚಾಯಿತಿ ಆಸ್ತಿಗಳ ಆನ್‌ಲೈನ್ ದಾಖಲೆಯಲ್ಲಿ ಅದರ ಖಾತೆ ಇರಬೇಕು, ಕೃಷಿ ಜಮೀನಾಗಿದ್ದರೆ ಭೂಪರಿವರ್ತನೆ ಆಗಿರಬೇಕು. ಇಲ್ಲದಿದ್ದರೆ ಬ್ಯಾಂಕ್ ಸಾಲಕ್ಕೂ ತೊಂದರೆ, ನಾಳೆ ನೀವು ಮಾರುವುದಕ್ಕೂ ತೊಂದರೆ. ಕಾಗದಪತ್ರದ ಜೆರಾಕ್ಸ್ ತಗೊಂಡು ವಕೀಲರೊಬ್ಬರಿಗೆ ತೋರಿಸಿ. ಹೆಂಡತಿಯ ಜೊತೆ ಕೂತು ಮಾತಾಡಿ, ಅವರು ಏನಂದರು ಎಂದು ಬರೆಯಿರಿ. ಅವರೇ ಬರೆದರೆ ಇನ್ನೂ ಸಂತೋಷ.

ನಿಮ್ಮ,
ಸಂಪಾದಕ