ಆಕಾಶಗಂಗೆಯ ಫೋಟೋ ತೆಗೆದವರು ಯಾರು?

ಓದುಗರೊಬ್ಬರ ಪತ್ರ: "ನಾವು ಆಕಾಶಗಂಗೆಯಿಂದ ಆಚೆ ಹೋಗಿಯೇ ಇಲ್ಲ. ಹಾಗಾದರೆ ಪುಸ್ತಕಗಳಲ್ಲಿರುವ ಅದರ ಸುರುಳಿ ಫೋಟೋ ತೆಗೆದವರು ಯಾರು? ಒಳಗೆ ಕೂತು ಊಹಿಸುವ ಬದಲು, ಪೂರ್ತಿ ಕಾಣುವ ದೇವಯಾನಿ (ಆಂಡ್ರೊಮಿಡಾ) ಗೆಲಾಕ್ಸಿಯಿಂದಲೇ ಎಲ್ಲ ಕಲಿಯಬಾರದೇ?"

ಮೊದಲ ಪ್ರಶ್ನೆಗೆ ಶಹಬಾಸ್. ಅದು ಫೋಟೋ ಅಲ್ಲವೇ ಅಲ್ಲ, ಕಲಾವಿದರು ಬಿಡಿಸಿದ ಚಿತ್ರ. ಎರಡನೆಯದಕ್ಕೆ ನನ್ನ ತಕರಾರಿದೆ.

ಹೊರಗಿನ ನೋಟದ ಉಪಕಾರ ಸಣ್ಣದಲ್ಲ. 1845ರಲ್ಲಿ ಲಾರ್ಡ್ ರಾಸ್ 72 ಅಂಗುಲದ ದೂರದರ್ಶಕದಲ್ಲಿ ಎಂ51 ಎಂಬ ಗೆಲಾಕ್ಸಿಯ ಸುರುಳಿಯನ್ನು ಕಂಡರು. ಆದರೆ ದೇವಯಾನಿ ಪೂರ್ತಿ ಕಾಣುತ್ತದೆ ಎಂದಿರಲ್ಲ, ಅದರ ತಟ್ಟೆ ನಮ್ಮ ಕಡೆಗೆ ಸುಮಾರು 77 ಡಿಗ್ರಿ ಓರೆಯಾಗಿದೆ. ನಮಗೆ ಕಾಣುವುದು ಹೆಚ್ಚುಕಡಿಮೆ ಅಂಚು ಮಾತ್ರ. ಸುರುಳಿಯ ತೋಳುಗಳು ಒಂದರ ಮೇಲೊಂದು ಬಿದ್ದಂತೆ ಕಾಣುವುದರಿಂದ ಯಾವುದು ಸುರುಳಿ, ಯಾವುದು ಉಂಗುರ ಎಂದು ಬಿಡಿಸುವುದೇ ಕಷ್ಟ.

ಒಳಗಿನ ತೊಡಕು ಧೂಳು. 1785ರಲ್ಲಿ ವಿಲಿಯಂ ಹರ್ಷೆಲ್ ದಿಕ್ಕು ದಿಕ್ಕಿಗೂ ನಕ್ಷತ್ರ ಎಣಿಸಿ ಸೂರ್ಯನನ್ನು ನಡುವಿನ ಹತ್ತಿರ ಇಟ್ಟರು. ಧೂಳು ಎಲ್ಲ ಕಡೆಯೂ ನೋಟಕ್ಕೆ ಅಡ್ಡ ಬಂದಿತ್ತು. 1918ರಲ್ಲಿ ಹಾರ್ಲೋ ಶೇಪ್ಲಿ ಧೂಳಿನ ಪಟ್ಟಿಯಿಂದ ಮೇಲೂ ಕೆಳಗೂ ಇರುವ ಗೋಳಗುಚ್ಛಗಳನ್ನು (ಚೆಂಡಿನಂತೆ ಒತ್ತಾಗಿ ಸೇರಿದ ನಕ್ಷತ್ರಗಳ ಗುಂಪುಗಳನ್ನು) ಆಧಾರವಾಗಿ ಹಿಡಿದರು. ಅವು ಧನು ರಾಶಿಯ ಕಡೆ ಮುತ್ತಿಕೊಂಡಿದ್ದವು, ಕೇಂದ್ರ ಅಲ್ಲೇ ಇತ್ತು. ಇಂದಿನ ಲೆಕ್ಕದಲ್ಲಿ ನಮ್ಮಿಂದ ಸುಮಾರು 26,000 ಜ್ಯೋತಿರ್ವರ್ಷ.

1951ರಲ್ಲಿ ಪತ್ತೆಯಾದ ಹೈಡ್ರೋಜನ್ನಿನ 21 ಸೆಂ.ಮೀ. ರೇಡಿಯೋ ಅಲೆ ಧೂಳನ್ನು ಲೆಕ್ಕಿಸುವುದಿಲ್ಲ. ಸೆಕೆಂಡಿಗೆ 100 ಕಿ.ಮೀ. ವೇಗದಲ್ಲಿ ಅನಿಲ ದೂರ ಸರಿದರೆ ಆ ಅಲೆಯ ಆವರ್ತನ 1420.4 ಮೆಗಾಹರ್ಟ್ಸ್‌ನಿಂದ 0.47 ಮೆಗಾಹರ್ಟ್ಸ್‌ನಷ್ಟು ಇಳಿಯುತ್ತದೆ, ಬೇರೆ ಬೇರೆ ವೇಗದ ತೋಳುಗಳು ಗ್ರಾಫಿನಲ್ಲಿ ಬೇರೆ ಬೇರೆ ಉಬ್ಬುಗಳಾಗಿ ಮೂಡುತ್ತವೆ. ಭೂಮಿಯ ಸೆಕೆಂಡಿಗೆ 30 ಕಿ.ಮೀ. ಓಟವನ್ನು ಲೆಕ್ಕದಿಂದ ತೆಗೆಯದಿದ್ದರೆ ಅದೇ ತೋಳು ತಿಂಗಳಿಂದ ತಿಂಗಳಿಗೆ ಜಾಗ ಬದಲಿಸಿದಂತೆ ಕಾಣುತ್ತದೆ. ವೇಗದಿಂದ ದೂರ ಲೆಕ್ಕ ಹಾಕುವಾಗ, ಸೂರ್ಯನ ಕಕ್ಷೆಯ ಒಳಗಡೆ ಒಂದೇ ವೇಗಕ್ಕೆ ಎರಡು ದೂರ ಹೊಂದುತ್ತವೆ. ನಕ್ಷೆಗಳು ತಪ್ಪುವುದು ಹೆಚ್ಚಾಗಿ ಅಲ್ಲೇ.

ಇನ್ನು 'ಊಹೆ' ಎಂಬ ಮಾತು. ನಕ್ಷತ್ರಗಳ ಜಾಗ, ಚಲನೆ ಅಳೆಯಲು 2013ರಲ್ಲಿ ಹಾರಿದ ಗಾಯಾ ಉಪಗ್ರಹ ಸುಮಾರು 180 ಕೋಟಿ ಆಕಾಶಕಾಯಗಳ ಪಟ್ಟಿ ಕೊಟ್ಟಿದೆ, ಅದೂ ಪುಕ್ಕಟೆಯಾಗಿ. ಕೃತ್ತಿಕೆಯ ಸುತ್ತ 2 ಡಿಗ್ರಿ ವ್ಯಾಪ್ತಿಯ ನಕ್ಷತ್ರಗಳನ್ನು ಇಳಿಸಿಕೊಳ್ಳಿ. ಪ್ಯಾರಲಾಕ್ಸ್ (ಭೂಮಿ ಸೂರ್ಯನನ್ನು ಸುತ್ತುವಾಗ ನಕ್ಷತ್ರ ಜಾಗ ಬದಲಿಸಿದಂತೆ ಕಾಣುವ ಕೋನ, ಹತ್ತಿರವಿದ್ದಷ್ಟೂ ದೊಡ್ಡದು) 7ರಿಂದ 8 ಮಿಲಿಆರ್ಕ್‌ಸೆಕೆಂಡ್ (ಒಂದು ಡಿಗ್ರಿಯ 36 ಲಕ್ಷದ ಒಂದು ಭಾಗ) ಇರುವವನ್ನು ಉಳಿಸಿ, ಅವು ವರ್ಷಕ್ಕೆ ಪೂರ್ವ-ಪಶ್ಚಿಮವಾಗಿ, ದಕ್ಷಿಣೋತ್ತರವಾಗಿ ಎಷ್ಟು ಸರಿಯುತ್ತವೆ ಎಂದು ಗ್ರಾಫ್ ಹಾಕಿ. +20, −45 ಮಿಲಿಆರ್ಕ್‌ಸೆಕೆಂಡ್‌ನ ಆಸುಪಾಸು ಒಂದು ದಟ್ಟ ಚುಕ್ಕಿ ಎದ್ದು ನಿಲ್ಲುತ್ತದೆ. ಸುಮಾರು 440 ಜ್ಯೋತಿರ್ವರ್ಷ ಆಚೆ ಒಟ್ಟಿಗೆ ಸಾಗುತ್ತಿರುವ ಗುಂಪು ಅದು. ಪ್ಯಾರಲಾಕ್ಸ್ ತನ್ನ ದೋಷದ ಹತ್ತು ಪಟ್ಟಾದರೂ ಇರದಿದ್ದರೆ ಅದನ್ನು ನೇರವಾಗಿ ದೂರಕ್ಕೆ ತಿರುಗಿಸಬೇಡಿ, ಸುಳ್ಳು ಉತ್ತರ ಬರುತ್ತದೆ. 25 ಲಕ್ಷ ಜ್ಯೋತಿರ್ವರ್ಷ ದೂರದ ದೇವಯಾನಿಯಲ್ಲಿ ನಕ್ಷತ್ರ ನಕ್ಷತ್ರಕ್ಕೂ ಹೀಗೆ ಆಳ ಅಳೆಯಲು ಆಗುವುದೇ ಇಲ್ಲ.

ಇಷ್ಟು ಅಳತೆ ಕೈಯಲ್ಲಿದ್ದೂ ಪಠ್ಯಪುಸ್ತಕ, ಭಿತ್ತಿಚಿತ್ರಗಳಲ್ಲಿ 'ಕಲಾವಿದರ ಚಿತ್ರ' ಎಂಬ ಎರಡು ಪದ ಅಚ್ಚು ಹಾಕುವ ವ್ಯವಧಾನ ಪ್ರಕಾಶಕರಿಗಿಲ್ಲ. ಕೇಂದ್ರದ ಆಚೆ ಬದಿಯಲ್ಲಿ ಅಳತೆ ವಿರಳ, ಆದರೂ ಅಲ್ಲಿನ ತೋಳು ಇಲ್ಲಿನಷ್ಟೇ ಸ್ಪಷ್ಟವಾಗಿ ಹೊಳೆಯುತ್ತದೆ. ಅಳೆದದ್ದು ಎಲ್ಲಿಯವರೆಗೆ, ತುಂಬಿಸಿದ್ದು ಎಲ್ಲಿಂದ ಎಂದು ಗೆರೆ ಎಳೆದು ತೋರಿಸಿ ಅಂತ ಅವರಿಗೂ ಒಂದು ಪತ್ರ ಬರೆಯಿರಿ.