ವಿರಾಜಪೇಟೆ ಕಡೆ ತೋಟದಲ್ಲಿ ಅಮ್ಮ ಒಬ್ಬರೇ ಇದ್ದಾರೆ. ಲ್ಯಾಂಡ್‌ಲೈನ್ ತೆಗೆಸಿ ಮೊಬೈಲ್ ಕೊಡಿಸಬೇಕು. ಯಾವುದು ಒಳ್ಳೆಯದು?

ನೀವು ಈಗ ಕೇಳುತ್ತಿರುವ ಕೆಲಸವನ್ನು ನಾನು 2016ರಲ್ಲಿ ಯಾರನ್ನೂ ಕೇಳದೆ ಮಾಡಿ ಮುಗಿಸಿದೆ. ಬಳಸದ ಫೋನಿಗೆ ತಿಂಗಳ ಬಾಡಿಗೆ, ಮಳೆಗಾಲದಲ್ಲಿ ವಾರಗಟ್ಟಲೆ ಸತ್ತು ಮಲಗುವ ಲೈನು, ನೀವು ಕೊಟ್ಟ ಕಾರಣಗಳೆಲ್ಲ ನಮ್ಮಲ್ಲೂ ಇದ್ದವು. ನಮ್ಮದು ಸೋಮವಾರಪೇಟೆ ತಾಲ್ಲೂಕು, ಮಾದಾಪುರದಿಂದ ಒಳಗೆ. ಎಸ್‌ಟಿಡಿ ಕೋಡು ನಿಮ್ಮ 08274ರ ಬದಲು 08276, ಅಷ್ಟೇ ವ್ಯತ್ಯಾಸ. ಯಾವ ಮೊಬೈಲ್ ಒಳ್ಳೆಯದು ಅನ್ನುವುದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಇದ್ದರೂ ಮೊದಲು ಈ ಕಥೆ ಹೇಳಿಯೇ ಕೊಡುತ್ತಿದ್ದೆ.

ಮನೆಗೆ ಫೋನ್ ಬಂದಾಗ ನಾನು ಹೈಸ್ಕೂಲಿನಲ್ಲಿದ್ದೆ. ಅಪ್ಪ ಅರ್ಜಿ ಹಾಕಿ ವರ್ಷಗಟ್ಟಲೆ ಕಾದಿದ್ದರು. ಅಲ್ಲಿವರೆಗೆ ದೂರದೂರಿಗೆ ಮಾತಾಡಬೇಕಾದರೆ ಪೇಟೆಯ ಪೋಸ್ಟ್ ಆಫೀಸಿಗೆ ಹೋಗಿ ಟ್ರಂಕ್ ಕಾಲ್ ಬುಕ್ ಮಾಡಿ ಬೆಂಚಿನ ಮೇಲೆ ಕೂರಬೇಕಿತ್ತು. ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಅಂತ ಮೂರು ದರ. ಸೈನ್ಯದಲ್ಲಿದ್ದ ಸೋದರಮಾವ ಅರ್ಜೆಂಟ್ ಬುಕ್ ಮಾಡಿದರೆ ಅವ್ವನಿಗೆ ಕೈಕಾಲು ನಡುಕ. ಲೈಟ್ನಿಂಗ್ ಅಂದರಂತೂ ಸಾವು ಅಂತಲೇ ಲೆಕ್ಕ. ಆಮೇಲೆ ಹಳ್ಳಿಗಳಿಗೆ ಸರ್ಕಾರದ ಟೆಲಿಫೋನ್ ಸಂಶೋಧನಾ ಸಂಸ್ಥೆ ಸಿ-ಡಾಟ್‌ನ ಚಿಕ್ಕ ಎಕ್ಸ್‌ಚೇಂಜುಗಳು ಬಂದವು. ಆ ಸಂಸ್ಥೆ ಕಟ್ಟಿದ ಸ್ಯಾಮ್ ಪಿತ್ರೋಡಾ ಅವರ ಕಾಲದ 128 ಲೈನಿನ ಪೆಟ್ಟಿಗೆ, ಏಸಿ ಕೇಳದೆ ಹಳ್ಳಿಯ ಕೋಣೆಯಲ್ಲೇ ಓಡುವಂಥದ್ದು. ಅದು ದೇಶದಲ್ಲೇ ಮೊದಲು ಕೂತದ್ದು 1986ರಲ್ಲಿ ನಮ್ಮ ಕಿತ್ತೂರಿನಲ್ಲಿ. ನಮ್ಮ ಮನೆಗೆ ಕಪ್ಪು ಡಯಲ್ ಫೋನು ಬಂತು. ಬೆಂಗಳೂರಿನ ಐಟಿಐ ಕಾರ್ಖಾನೆಯದು, ಎತ್ತಿ ಹೊಡೆದರೆ ತಲೆ ಒಡೆಯುವಷ್ಟು ಭಾರ. ಅವ್ವ ಅದಕ್ಕೆ ಕ್ರೋಷಾ ಬಟ್ಟೆ ಹೊದಿಸಿದಳು. ಏಪ್ರಿಲಿನ ಹೂಮಳೆಗೆ ಗುಡುಗಿದರೆ ಫೋನು ತಾನಾಗಿಯೇ ಒಂದು ಸಲ ‘ಟಿಣ್’ ಅನ್ನುತ್ತಿತ್ತು. ತಕ್ಷಣ ವಯರು ಕಿತ್ತಿಡುವುದು ನನ್ನ ಕೆಲಸ.

ಬಿಲ್ಲಿಗೆ ಹೆದರಿ ಅಪ್ಪ ಡಯಲ್ಲಿಗೆ ಪುಟ್ಟ ಬೀಗ ಹಾಕಿದ್ದರು. ರಿಸೀವರ್ ಕೂರುವ ಗುಂಡಿಯನ್ನು ತಟ್ಟಿ ಡಯಲ್ ಮಾಡಬಹುದು ಅಂತ ನಾನು ಒಂದೇ ತಿಂಗಳಲ್ಲಿ ಕಂಡುಹಿಡಿದೆ. ಮೂರಕ್ಕೆ ಮೂರು ಸಲ, ಸೊನ್ನೆಗೆ ಹತ್ತು ಸಲ. ಡಯಲ್ ಮಾಡುತ್ತಿದ್ದುದೂ ಅದನ್ನೇ ತಾನೆ: ತಿರುಗಿಸಿ ಬಿಟ್ಟರೆ ವಾಪಸ್ ಬರುವಾಗ ಅಷ್ಟು ಸಲ ಲೈನು ಕಡಿದು ಕೂಡಿಸುತ್ತಿತ್ತು. ಈ ವಿದ್ಯೆಯಲ್ಲಿ ಒಂದು ಅಂಕೆ ತಪ್ಪಿದರೆ ಮೊದಲಿಂದ ಶುರು. ಹಾಗಾಗಿ ನಂಬರುಗಳು ಬೆರಳಿಗೇ ಬಾಯಿಪಾಠ. ಇವತ್ತಿಗೂ ನನ್ನ ಹಳೆಯ ಗೆಳೆಯರ ಮನೆ ನಂಬರುಗಳನ್ನು ನಾನು ಬಾಯಲ್ಲಿ ಹೇಳಲಾರೆ, ಮೇಜಿನ ಮೇಲೆ ತಟ್ಟಿ ತೋರಿಸಬಲ್ಲೆ.

ಫೋನಿನ ಮೇಲ್ಗಡೆ ಮೊಳೆಗೆ ಒಂದು ಡೈರಿ ನೇತಾಡುತ್ತಿತ್ತು. ಗೊಬ್ಬರದಂಗಡಿಯವರು ಕೊಟ್ಟದ್ದು, ದಾರ ಕಟ್ಟಿದ ಪೆನ್ನಿನ ಸಮೇತ. ಕಾಫಿ ಕ್ಯೂರಿಂಗ್‌ನವರು, ಡಾಕ್ಟರು, ದನದ ಡಾಕ್ಟರು, ಲೈನ್‌ಮ್ಯಾನ್ ಮನೆ, ಜೀಪಿನವನು, ನನ್ನ ಮೈಸೂರಿನ ಹಾಸ್ಟೆಲು, ಎಲ್ಲರದೂ ಅದರಲ್ಲಿತ್ತು. ಅವ್ವ ಅದನ್ನು ತೆರೆದದ್ದು ಕಡಿಮೆ. ಬರೆಯುವಾಗಲೇ ಅವಳಿಗೆ ಬಾಯಿಗೆ ಬಂದುಬಿಡುತ್ತಿತ್ತು. ಭಾನುವಾರ ರಾತ್ರಿ ಹನ್ನೊಂದು ಹೊಡೆಯುವುದನ್ನೇ ಕಾದು, ಎಸ್‌ಟಿಡಿ ಕಾಲು ದರಕ್ಕೆ ಇಳಿದ ಮೇಲೆ ಹಾಸ್ಟೆಲಿಗೆ ಮಾಡುತ್ತಿದ್ದಳು. ವಾರ್ಡನ್ ಬೈದುಕೊಂಡು ಬಂದು ನನ್ನನ್ನು ಎಬ್ಬಿಸುತ್ತಿದ್ದರು.

ಮೊಬೈಲಿನ ಕಥೆ ನಿಮಗೆ ಗೊತ್ತಿರುವುದೇ. 1995ರ ಜುಲೈ 31ರಂದು ಕೋಲ್ಕತ್ತದಿಂದ ಆಗಿನ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ದೆಹಲಿಯಲ್ಲಿದ್ದ ಕೇಂದ್ರ ಸಂಪರ್ಕ ಸಚಿವ ಸುಖರಾಂ ಅವರಿಗೆ ದೇಶದ ಮೊದಲ ಮೊಬೈಲ್ ಕರೆ ಮಾಡಿದರು. ನಮ್ಮ ಗುಡ್ಡಕ್ಕೆ ಅದರ ಸುದ್ದಿಯೂ ಮುಟ್ಟಲಿಲ್ಲ. ಬಂದ ಕರೆಗೂ ದುಡ್ಡು ಕೊಡಬೇಕಾಗಿದ್ದ ಕಾಲ ಅದು. 2003ರಲ್ಲಿ ಇನ್‌ಕಮಿಂಗ್ ಪುಕ್ಕಟೆ ಆದ ಮೇಲೆ ಬೆಂಗಳೂರಿನಲ್ಲಿ ನಾನೊಂದು ಕೊಂಡೆ. ಊರಿಗೆ ತಂದರೆ ಕಾಫಿ ಕಣದ ಮೂಲೆಯಲ್ಲಿ, ನೀರಿನ ಟ್ಯಾಂಕಿನ ಪಕ್ಕ ಒಂದು ಗೀಟು ರೇಂಜು. ನಿಮ್ಮ ಕಡೆ ಕುಟ್ಟ, ಮಾಕುಟ್ಟದಲ್ಲಿ ಮೊಬೈಲು ತಂತಾನೇ ಗಡಿಯಾಚೆ ಕೇರಳದ ಟವರಿಗೆ ಹೋಗಿ ರೋಮಿಂಗಿನ ದುಡ್ಡು ತಿಂದದ್ದು ನಿಮಗೇ ನೆನಪಿರಬಹುದು. ಮಿಸ್ಡ್ ಕಾಲಿಗೂ ಒಂದು ಭಾಷೆ ಇತ್ತು: ಒಂದು ರಿಂಗ್ ಅಂದರೆ ತಲುಪಿದೆ, ಎರಡು ರಿಂಗ್ ಅಂದರೆ ನೀನೇ ಮಾಡು.

ಅಪ್ಪ ಹೋದ ಎರಡು ವರ್ಷಕ್ಕೆ ಲ್ಯಾಂಡ್‌ಲೈನ್ ಸರೆಂಡರ್ ಮಾಡಿದೆ. ಅರ್ಜಿ ಬರೆದುಕೊಟ್ಟೆ, ಡಿಪಾಸಿಟ್ ವಾಪಸ್ ಬಂತು, ಏನೋ ಗೆದ್ದ ಹಾಗೆ ಅನಿಸಿತು. ಅವ್ವನಿಗೆ ದೊಡ್ಡ ಗುಂಡಿಗಳ ಕೀಪ್ಯಾಡ್ ಮೊಬೈಲು ಕೊಡಿಸಿದೆ, ಟಾರ್ಚ್ ಇರುವಂಥದ್ದು.

ಇನ್ನು ನನ್ನ ತಪ್ಪು. ಸ್ವಲ್ಪ ನಿಧಾನಕ್ಕೆ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ, ಯಾಕೆಂದರೆ ಆ ಮೂರು ದಿನ ನಾನು ಇದನ್ನೇ ಮತ್ತೆ ಮತ್ತೆ ಎಣಿಸುತ್ತಾ ಕೂತಿದ್ದೆ.

ಆ ಮೊಬೈಲಿನಲ್ಲಿ 1 ಒತ್ತಿ ಹಿಡಿದರೆ ನನಗೆ, 2 ಒತ್ತಿದರೆ ಅಕ್ಕನಿಗೆ, 3 ಜೀಪಿನವನಿಗೆ, 4 ಡಾಕ್ಟರಿಗೆ. ಅವ್ವನಿಗೆ ಅರ್ಧ ಗಂಟೆಯಲ್ಲಿ ಬಂತು. ‘ಹತ್ತಂಕೆ ಯಾರು ನೆನಪಿಟ್ಟುಕೊಳ್ತಾರೆ ಬಿಡವ್ವ’ ಅಂದವನು ನಾನೇ. ನಂಬರ್ ಸೇವ್ ಮಾಡುವಾಗ ಅದು ಎಲ್ಲಿಗೆ ಅಂತ ಕೇಳುತ್ತದೆ, ಸಿಮ್ಮಿಗೋ ಫೋನಿಗೋ. ಸಿಮ್ಮಿನಲ್ಲಿ ಹೆಸರು ಉದ್ದ ಬರೆಯಲಾಗುವುದಿಲ್ಲ ಅಂತ ಫೋನಿಗೇ ಹಾಕಿದೆ. ಅಂದರೆ ಸಿಮ್ ಕಿತ್ತು ಬೇರೆ ಫೋನಿಗೆ ಹಾಕಿದರೆ ಅದು ಖಾಲಿ. ಇಷ್ಟೂ ಸಾಲದು ಅಂತ, ಕಪ್ಪು ಫೋನನ್ನೂ ಮೊಳೆಯ ಮೇಲಿದ್ದ ಡೈರಿಯನ್ನೂ ‘ಅಪ್ಪನ ನೆನಪಿಗೆ’ ಅಂತ ಬೆಂಗಳೂರಿಗೆ ತಂದು ಶೋಕೇಸಿನಲ್ಲಿಟ್ಟೆ. ಬಂದ ನೆಂಟರಿಗೆ ತೋರಿಸಿ, ಬೀಗದ ಕಥೆ ಹೇಳಿ ನಗಿಸುತ್ತಿದ್ದೆ. ನನ್ನ ನಂಬರು ಅವ್ವನ ತಲೆಯಲ್ಲಿ ಇಲ್ಲ, ಗೋಡೆಯ ಮೇಲೆ ಇಲ್ಲ, ಸಿಮ್ಮಿನಲ್ಲೂ ಇಲ್ಲ. ಇದ್ದದ್ದು ಅಂಗೈಯಗಲದ ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ ಮಾತ್ರ. ಅವಳ ಕೈಲಿದ್ದ ಒಂದೊಂದನ್ನೂ ಸುಲಭ ಮಾಡುವ ಹೆಸರಲ್ಲಿ ತೆಗೆದುಕೊಂಡು ಬಂದಿದ್ದೆ.

ಕೊಡಗಿನ ಗುಡ್ಡಗಳು ಕುಸಿದ 2018ರ ಆಗಸ್ಟ್ ನಿಮಗೆ ಹೇಳಬೇಕಾಗಿಲ್ಲ. 16ನೇ ತಾರೀಕು ಗುರುವಾರ ಸಂಜೆಯಿಂದ ಅವ್ವನ ನಂಬರು ಸ್ವಿಚ್ ಆಫ್. ಕರೆಂಟು ಹೋಗಿ ಅದಾಗಲೇ ಎಷ್ಟೋ ದಿನ ಆಗಿತ್ತು. ಕರೆಂಟು ಹೋದರೆ ಟವರು ಬ್ಯಾಟರಿಯಲ್ಲಿ, ಬ್ಯಾಟರಿ ಇಳಿದರೆ ಜನರೇಟರಿನಲ್ಲಿ ನಡೆಯುತ್ತದೆ. ಜನರೇಟರಿಗೆ ಡೀಸೆಲ್ಲು ರಸ್ತೆ ಮೇಲೆಯೇ ಬರಬೇಕು, ರಸ್ತೆಯೇ ಇರಲಿಲ್ಲ. ಟಿವಿಯಲ್ಲಿ ಮಡಿಕೇರಿಯ ಆ ಮನೆ ಜಾರಿ ಕೆಳಗೆ ಬೀಳುವುದನ್ನೇ ಹತ್ತು ಸಲ ತೋರಿಸುತ್ತಿದ್ದರು. ಜೋಡುಪಾಲ, ಮಕ್ಕಂದೂರು, ಮುಕ್ಕೋಡ್ಲು ಅಂತ ಹೆಸರುಗಳು ಬರುತ್ತಿದ್ದವು, ಮಾದಾಪುರ ಬಂದಾಗ ಹೆಂಡತಿ ಟಿವಿ ಆರಿಸಿದಳು. ನಾನು ಬುದ್ಧಿ ಇಲ್ಲದವನಂತೆ ಹಳೆಯ ಲ್ಯಾಂಡ್‌ಲೈನ್ ನಂಬರಿಗೂ ಮಾಡಿದೆ. ನಾನೇ ತೆಗೆಸಿದ ಲೈನು.

ಶನಿವಾರ ಹೊರಟು ಕುಶಾಲನಗರ ತಲುಪಿದೆ. ಪರಿಹಾರ ಕೇಂದ್ರಗಳನ್ನು ಒಂದೊಂದಾಗಿ ಹುಡುಕಿ, ಭಾನುವಾರ ಮಧ್ಯಾಹ್ನ ಮೂರನೆಯದರಲ್ಲಿ ಅವ್ವ ಸಿಕ್ಕಿದಳು. ಅಡುಗೆಯವರ ಪಕ್ಕ ಕೂತು ಬೀನ್ಸ್ ಸೋಸುತ್ತಿದ್ದಳು. ಗುರುವಾರ ರಾತ್ರಿ ತೋಟದ ಕೆಲಸದವರ ಲೈನ್‌ಮನೆಯ ಹುಡುಗರು ಅವಳನ್ನು ಕೈಹಿಡಿದು ಇಳಿಸಿ, ಯಾರದೋ ಪಿಕಪ್‌ನಲ್ಲಿ ಕಳಿಸಿದ್ದರಂತೆ. ಮೊಬೈಲು ಸೆರಗಿನ ಗಂಟಿನಲ್ಲೇ ನೆನೆದು ಸತ್ತಿತ್ತು.

ಆ ಕೇಂದ್ರದಲ್ಲಿ ಫೋನಿಗೇನೂ ಬರ ಇರಲಿಲ್ಲ ನೋಡಿ. ಸ್ವಯಂಸೇವಕ ಹುಡುಗರೇ ಬಂದು ‘ಅಜ್ಜಿ, ಮನೆಯವರ ನಂಬರ್ ಹೇಳಿ, ನಾವು ಮಾಡಿಕೊಡ್ತೀವಿ’ ಅಂದಿದ್ದಾರೆ. ಅವ್ವ ‘ಒಂದು ಒತ್ತಿ’ ಅಂದಿದ್ದಾಳೆ. ಒಬ್ಬ ಹುಡುಗ ಅವಳ ಸಿಮ್ಮನ್ನು ಇನ್ಯಾರದೋ ಕೀಪ್ಯಾಡ್ ಫೋನಿಗೆ ಹಾಕಿ ನೋಡಿ, ಇದರಲ್ಲಿ ಒಂದು ಹೆಸರೂ ಇಲ್ಲವಲ್ಲಜ್ಜಿ ಅಂತ ವಾಪಸ್ ಕೊಟ್ಟ. ಆ ಸಿಮ್ ಅಲ್ಲೇ ಇದ್ದಿದ್ದರೆ ನನ್ನ ಕರೆಯಾದರೂ ಹೋಗುತ್ತಿತ್ತು. ಆದರೆ ಆ ಫೋನಿನವನಿಗೂ ತನ್ನವರ ಕರೆ ಬರಬೇಕಿತ್ತಲ್ಲ. ಕೊನೆಗೆ ಅವ್ವ ಬಾಯಿಗೆ ಬಂದ ನಂಬರು ಹೇಳಿದಳು, ನನ್ನ ಮೈಸೂರು ಹಾಸ್ಟೆಲಿನದು, ಎರಡು ದಶಕ ಹಿಂದಿನದು. ‘ಅಜ್ಜಿ, ಇದು ಆರೇ ಅಂಕೆ, ಹತ್ತು ಬೇಕು’ ಅಂದರು. ಆರಂಕೆಯ ನಂಬರುಗಳ ಶುರುವಿಗೆ 2 ಸೇರಿಸಿ ಏಳು ಮಾಡಿದ್ದೇ ಎಷ್ಟು ವರ್ಷದ ಹಿಂದಿನ ಮಾತು! ಆಮೇಲೆ ನಮ್ಮ ಮನೆಯ ನಂಬರನ್ನೇ ಹೇಳಿದಳಂತೆ. ಅದನ್ನೂ ಒತ್ತಿ ನೋಡಿದರಂತೆ.

ನನ್ನನ್ನು ಕಂಡಾಗ ಅಳಲಿಲ್ಲ. ಕೈಯಲ್ಲಿದ್ದ ಬೀನ್ಸ್ ಕೆಳಗಿಟ್ಟು, ‘ನಿನ್ನ ನಂಬರ್ ಎಷ್ಟು ಮಾರಾಯ? ಹೇಳು, ಬರಕೊಳ್ತೀನಿ’ ಅಂತ ಪಕ್ಕದವರ ಹತ್ತಿರ ಪೆನ್ನು ಕೇಳಿದಳು.

ಮನೆ ಉಳಿದಿತ್ತು. ಹಿಂದಿನ ತೋಟದ ಒಂದು ಭಾಗ ಸಿಲ್ವರ್ ಮರಗಳ ಸಮೇತ ಹೊಳೆಗೆ ಇಳಿದಿತ್ತು, ಟೆಲಿಫೋನ್ ಕಂಬಗಳೂ ಅದರ ಜೊತೆಗೇ. ಆದ್ದರಿಂದ ಲ್ಯಾಂಡ್‌ಲೈನ್ ಇಟ್ಟುಕೊಂಡಿದ್ದರೂ ಆ ರಾತ್ರಿ ಅದು ಹೋಗಿಯೇ ಹೋಗುತ್ತಿತ್ತು. ತೆಗೆಸಿದ್ದು ನನ್ನ ತಪ್ಪು ಅಂತ ನಾನು ಹೇಳುತ್ತಿಲ್ಲ. ಡೈರಿ ತಂದದ್ದು ತಪ್ಪು. ಲ್ಯಾಂಡ್‌ಲೈನೋ ಮೊಬೈಲೋ ಅನ್ನುವ ನಿಮ್ಮ ಪ್ರಶ್ನೆಯೇ ನನಗೆ ಸರಿ ಕಾಣದಿರುವುದು ಇದಕ್ಕೇ. ಯಾವ ಬ್ರ್ಯಾಂಡ್, ಎಷ್ಟು ಇಂಚು ಅಂತ ತಲೆಕೆಡಿಸಿಕೊಳ್ಳುವ ಮೊದಲು, ನಿಮ್ಮ ಅಮ್ಮನಿಗೆ ನಿಮ್ಮ ನಂಬರು ನೋಡದೆ ಹೇಳಲು ಬರುತ್ತದಾ ಕೇಳಿ. ಬರದಿದ್ದರೆ ಒಂದು ಲಕ್ಷದ ಫೋನ್ ಕೊಡಿಸಿದರೂ ಅದು ಚಾರ್ಜ್ ಇರುವವರೆಗೆ ಮಾತ್ರ.

ಆದರೂ ಲೈನು ತೆಗೆಸುವ ಮೊದಲು ಒಂದು ಪರೀಕ್ಷೆ ಮಾಡಿ. ಮನೆಯ ಮೇನ್ ಸ್ವಿಚ್ ಆಫ್ ಮಾಡಿ ರಿಸೀವರ್ ಎತ್ತಿ. ‘ಗುಂಯ್’ ಅಂತ ಡಯಲ್ ಟೋನ್ ಬಂದರೆ ನಿಮ್ಮದು ಹಳೇ ತಾಮ್ರದ ತಂತಿ. ಅದಕ್ಕೆ ಬೇಕಾದ 48 ವೋಲ್ಟ್ ಎಕ್ಸ್‌ಚೇಂಜಿನ ಬ್ಯಾಟರಿಯಿಂದ ಆ ತಂತಿಯಲ್ಲೇ ಹರಿದು ಬರುತ್ತದೆ, ನಿಮ್ಮ ಮನೆಯ ಕರೆಂಟಿಗೂ ಅದಕ್ಕೂ ಸಂಬಂಧ ಇಲ್ಲ. ಅಂಥದ್ದಿದ್ದರೆ ಬಾಡಿಗೆ ಕಟ್ಟಿಕೊಂಡು ಸುಮ್ಮನಿರಿ, ಅದು ತಿಂಗಳಿಗೆ ನೀವು ಹೊರಗೆ ಕುಡಿಯುವ ಕಾಫಿ ಖರ್ಚಿನಷ್ಟೂ ಇರುವುದಿಲ್ಲ. ಕಾರ್ಡ್‌ಲೆಸ್ ಸೆಟ್ ಇದ್ದರೆ ಮಾತ್ರ ತೆಗೆದು ಸಾದಾ ಸೆಟ್ ಹಾಕಿ, ಕಾರ್ಡ್‌ಲೆಸ್ಸಿಗೆ ಮನೆ ಕರೆಂಟು ಬೇಕು. ಟೋನ್ ಬರದೆ ಮೌನ ಇದ್ದರೆ ನಿಮ್ಮದು ಫೈಬರಿಗೆ ಬದಲಾಗಿರಬಹುದು. ಗಾಜಿನೆಳೆಯಲ್ಲಿ ಬೆಳಕು ಬರುತ್ತದೆಯೇ ಹೊರತು ಕರೆಂಟು ಬರುವುದಿಲ್ಲ. ನಂಬರು ಹಳೆಯದೇ ಇದ್ದರೂ ಕರೆಂಟು ಹೋದ ಗಳಿಗೆಗೆ ಅದು ಗೋಡೆ ಅಲಂಕಾರ. ಅದಕ್ಕೊಂದು ಚಿಕ್ಕ ಯುಪಿಎಸ್ ತಂದಿಡಿ. ನಾವೂ ಈಗ ಫೈಬರೇ, ಪೆಟ್ಟಿಗೆಗೆ ಯುಪಿಎಸ್ ಇದೆ, ಕೆಲವು ಗಂಟೆ ಎಳೆಯುತ್ತದೆ. ಕೊಡಗಿನ ಆಟಿ ಮಳೆಗೆ ಕೆಲವು ಗಂಟೆ ಯಾವ ಲೆಕ್ಕ ಅಂತ ನಿಮಗೂ ಗೊತ್ತು.

ಸ್ಮಾರ್ಟ್‌ಫೋನ್ ಕೊಡಿಸಬೇಡಿ ಅಂತಲೂ ಅಲ್ಲ. ಮೊಮ್ಮಕ್ಕಳ ಮುಖ ನೋಡಲು ಅವ್ವನಿಗೂ ಒಂದಿದೆ, ಅದರಲ್ಲಿ ದಿನಾ ಯಾರದೋ ಶುಭೋದಯ ನಮಗೆಲ್ಲ ಬರುತ್ತದೆ.

ಡೈರಿಯನ್ನು ಆ ವರ್ಷ ಹುತ್ತರಿಗೆ ಹೋದಾಗ ವಾಪಸ್ ತೆಗೆದುಕೊಂಡು ಹೋಗಿ ಅದೇ ಮೊಳೆಗೆ ಹಾಕಿದೆ. ಸತ್ತವರ ನಂಬರುಗಳ ಪಕ್ಕ ಜಾಗ ಮಾಡಿಕೊಂಡು ಅವ್ವ ಹತ್ತಂಕೆಯವನ್ನು ಬರೆದಳು. ಒಂದು ಚೀಟಿಯಲ್ಲಿ ಮೂರು ನಂಬರು ಬರೆದು, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಎಲೆಅಡಿಕೆ ಚೀಲದಲ್ಲಿ ಇಟ್ಟುಕೊಂಡಿದ್ದಾಳೆ. ಸ್ಪೀಡ್ ಡಯಲನ್ನು ಮತ್ತೆ ಹಾಕಿಕೊಡಲು ಹೋದರೆ ಫೋನ್ ಕಿತ್ತುಕೊಂಡಳು. ಈಗ ಪ್ರತಿ ಸಲ ಹತ್ತೂ ಅಂಕೆ ಬಾಯಲ್ಲಿ ಹೇಳಿಕೊಂಡೇ ಒತ್ತುತ್ತಾಳೆ. ವಾರಕ್ಕೊಂದು ಸಲ ಕೊನೆಯ ಅಂಕೆ ತಪ್ಪಿ ಅರಕಲಗೂಡಿನ ಯಾರೋ ಒಬ್ಬ ಹೆಂಗಸಿಗೆ ಹೋಗುತ್ತದೆ. ಮೊದಮೊದಲು ಆಕೆ ರಾಂಗ್ ನಂಬರ್ ಅಂತ ಇಡುತ್ತಿದ್ದರಂತೆ. ಈಗ ಅವರಿಬ್ಬರೂ ಮಳೆ ಎಷ್ಟಾಯಿತು, ಶುಂಠಿ ರೇಟು ಎಷ್ಟು ಅಂತ ಕಾಲು ಗಂಟೆ ಮಾತಾಡಿ, ಆಮೇಲೆ ನನಗೆ ಮಾಡುತ್ತಾಳೆ.